ಮೊದಲ ಗ್ಲಾಸಿನ ಹೊತ್ತು

ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಆ ಕುಶನ್ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಮೆಲ್ಲಕ್ಕ ಎಂದೇ ಕರೆಯುತ್ತಿದ್ದರು. ಯಾರಾದರೂ ಬಾಗಿಲನ್ನು ದಬಾರನೆ ಹಾಕಿದರೆ ‘ಮೆಲ್ಲಗೆ’ ಅನ್ನುತ್ತಿದ್ದಳು. ಮರದ ಚೌಕಟ್ಟನ್ನು ಧೊಪ್ಪನೆ ನೆಲಕ್ಕಿಟ್ಟರೆ ‘ಮೆಲ್ಲಗೆ’. ಚಹಾದ ಲೋಟ ಮೇಜಿಗೆ ಕುಟ್ಟಿದರೂ ‘ಮೆಲ್ಲಗೆ’. ಅಂಗಡಿಯೋ ದಿನವಿಡೀ ಸುತ್ತಿಗೆಯ ಸದ್ದಿನಲ್ಲೇ ಹೊಟ್ಟೆ ಹೊರೆಯುವಂಥದ್ದು. “ಮೊಳೆಗೆ ಮೆಲ್ಲಗೆ ಹೊಡೆದ್ರೆ ಅದು ಒಳಗೆ ಹೋಗಲ್ಲ ಕಣಮ್ಮ, ನಾಚ್ಕೊಂಡು ಹೊರಗೇ ನಿಂತ್ಕೊಳ್ಳುತ್ತೆ” ಎಂದು ಯಜಮಾನರು ತಮಾಷೆ ಮಾಡುತ್ತಿದ್ದರು.

ಕೆಲಸದಲ್ಲಿ ಮಾತ್ರ ಅವಳದು ಎತ್ತಿದ ಕೈ. ಹಳೆಯ ಹೊದಿಕೆಯನ್ನು ಹರಿಯದ ಹಾಗೆ ಬಿಚ್ಚಿ, ಅದರ ಅಳತೆಗೇ ಹೊಸ ಬಟ್ಟೆ ಕತ್ತರಿಸಿ, ಅಂಚಿಗೆ ದಾರದ ಪಟ್ಟಿ ಕೂರಿಸಿ ಹೊಲಿದಳೆಂದರೆ ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕು. ಇನ್ನೊಂದು ವಿದ್ಯೆಯೂ ಅವಳಿಗೆ ಗೊತ್ತಿತ್ತು. ಬೀದಿಯ ತಿರುವಿನಲ್ಲಿ ಯಜಮಾನರು ಕೆಮ್ಮಿದರೆ ಸಾಕು, ಇವತ್ತು ಅವರ ಮನಸ್ಸು ಹೇಗಿದೆ ಎಂದು ಒಳಗೆ ಕೂತೇ ಹೇಳಿಬಿಡುತ್ತಿದ್ದಳು. ಜೊತೆಯ ಕೆಲಸಗಾರರು ಅದನ್ನು ಚೆನ್ನಾಗಿ ಬಳಸಿಕೊಂಡಿದ್ದರು.

“ಮೆಲ್ಲಕ್ಕ, ಇವತ್ತು ರಜೆ ಕೇಳ್ಬಹುದಾ?”

“ಈಗ ಬೇಡ. ಊಟ ಆಗ್ಲಿ, ಆಮೇಲೆ ಕೇಳು.”

ಅವಳ ಮಾತು ತಪ್ಪಿದ್ದೇ ಇಲ್ಲ. ಈ ವಿದ್ಯೆ ಎಲ್ಲಿ ಕಲಿತೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಕೇಳಿದ್ದರೆ ಅವಳೂ ಹೇಳುತ್ತಿರಲಿಲ್ಲ.

ಅವಳು ಹುಟ್ಟಿ ಬೆಳೆದದ್ದು ಒಂದು ಲಾಂಡ್ರಿಯ ಮೇಲಿನ ಎರಡು ಕೋಣೆಗಳ ಮನೆಯಲ್ಲಿ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಅಮ್ಮ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್. ಕೆಳಗಿನಿಂದ ಇಸ್ತ್ರಿಯ ಬಿಸಿ ಹಬೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಸಂಜೆ ಇಬ್ಬರೂ ಕೆಲಸ ಮುಗಿಸಿ ಬಂದ ಮೇಲೆ ಕಪಾಟಿನಿಂದ ಬಾಟ್ಲಿ ಹೊರಬರುತ್ತಿತ್ತು. ಆಮೇಲಿನ ಒಂದಷ್ಟು ಹೊತ್ತು, ಅಂದರೆ ಮೊದಲ ಗ್ಲಾಸು ಖಾಲಿಯಾಗುವವರೆಗೆ, ಪ್ರಪಂಚದಲ್ಲಿ ಅವರಂಥ ಅಪ್ಪ ಅಮ್ಮ ಇನ್ನಾರಿಗೂ ಇರಲಿಲ್ಲ.

ಅಮ್ಮ ಚಪ್ಪಲಿಯನ್ನು ಒಂದು ಮೂಲೆಗೆ ಒದ್ದು, ರೇಡಿಯೋ ಹಾಕಿ, ಮಗಳ ಪುಟ್ಟ ಪಾದಗಳನ್ನು ತನ್ನ ಪಾದಗಳ ಮೇಲೆ ನಿಲ್ಲಿಸಿಕೊಂಡು ಕೋಣೆಯ ತುಂಬ ಕುಣಿಯುತ್ತಿದ್ದಳು. ನಗು ಅಂದರೆ ಅವಳದೇ ನಗು. ಮೊದಲು ಗಂಟಲಲ್ಲಿ ಗುಳುಗುಳು ಅಂದು, ಆಮೇಲೆ ಒಮ್ಮೆಲೇ ಉಕ್ಕಿ ಲಾಂಡ್ರಿಯವರಿಗೂ ಕೇಳುತ್ತಿತ್ತು. ಅಪ್ಪ ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡು ಬಸ್ ಡ್ರೈವರ್ ಆಗುತ್ತಿದ್ದ. ಮಗಳು ಕಂಡಕ್ಟರ್.

“ತಾಯೀ, ಎಲ್ಲಿಗೆ ಟಿಕೆಟ್ಟು?” ಎಂದು ಅವಳು ಅಮ್ಮನನ್ನು ಕೇಳಬೇಕು.

“ಸಮುದ್ರಕ್ಕೆ ಒಂದು ಕೊಡಮ್ಮ.”

“ಸಮುದ್ರದ ತನಕ ಈ ಬಸ್ಸು ಹೋಗಲ್ಲ” ಎಂದು ಅಪ್ಪ ಮುಂದಿನಿಂದ ಕೂಗುತ್ತಿದ್ದ. “ಬೇಕಾದ್ರೆ ಸಮುದ್ರಕ್ಕೇ ಹೇಳಿ ಕಳಿಸ್ತೀನಿ, ಇಲ್ಲಿಗೇ ಬರ್ಲಿ!”

ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ಎರಡನೆಯ ಗ್ಲಾಸಿಗೆ ರೇಡಿಯೋ ಸದ್ದು ಏರುತ್ತಿತ್ತು. ಅದಾದ ಮೇಲೆ ಅಮ್ಮನ ದನಿ ತೆಳ್ಳಗಾಗುತ್ತಿತ್ತು, ಅಪ್ಪ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಲು ಶುರುಮಾಡುತ್ತಿದ್ದ. ಇಬ್ಬರಲ್ಲಿ ಒಬ್ಬರು ಗ್ಲಾಸನ್ನು ಮೇಜಿಗೆ ಕುಟ್ಟುತ್ತಿದ್ದರು. ಆ ಸದ್ದು ಕೇಳಿದೊಡನೆ ಮಗಳು ತಟ್ಟೆಗಳನ್ನು ಎತ್ತಿಟ್ಟು, ಕಿಟಕಿ ಮುಚ್ಚಿ, ಒಲೆ ಆರಿದೆಯೇ ಎಂದು ನೋಡಿ, ಶಾಲೆಯ ಪುಸ್ತಕ ಹಿಡಿದು ಬಚ್ಚಲುಮನೆಗೆ ಸೇರಿಕೊಳ್ಳುತ್ತಿದ್ದಳು. ಮೈಯೆಲ್ಲ ಕಿವಿಯಾಗಿ ಕೂರುವುದನ್ನು ಕಲಿತದ್ದು ಅಲ್ಲಿಯೇ. ಜಗಳ ತಣ್ಣಗಾಗಿ ಇಬ್ಬರೂ ಬಿದ್ದಲ್ಲೇ ಮಲಗಿದ ಮೇಲೆ ಹೊರಗೆ ಬಂದು, ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ, ಅಮ್ಮನ ತಲೆಯಡಿಗೆ ದಿಂಬು ಕೊಡುತ್ತಿದ್ದಳು.

ಬೆಳಗಿನ ಅಮ್ಮ ಬೇರೆಯೇ. ತಲೆನೋವಿನ ಅಮ್ಮ, ಮುಖ ಎತ್ತಿ ನೋಡದ ಅಮ್ಮ. ಮಗಳು ಮಾಡಿಕೊಟ್ಟ ಚಹಾ ಕುಡಿದು, ಒಡೆದ ತಟ್ಟೆಯ ಚೂರುಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಕೆಲಸಕ್ಕೆ ಹೊರಟುಬಿಡುತ್ತಿದ್ದಳು. ಹಿಂದಿನ ಸಂಜೆಯ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಮ್ಮ ಯಾಕೆ ಬರಲಿಲ್ಲ ಎಂದು ಶಾಲೆಯಲ್ಲಿ ಟೀಚರ್ ಕೇಳಿದಾಗಲೆಲ್ಲ ಅಮ್ಮನಿಗೆ ಜ್ವರ. ಅಷ್ಟು ಜ್ವರ ಬಂದಿದ್ದರೆ ಯಾವ ಅಮ್ಮನೂ ಉಳಿಯುತ್ತಿರಲಿಲ್ಲ.

ಹೀಗಾಗಿ, ಕುಡಿಯದ ಅಮ್ಮ ಬೇಕು ಎಂದು ಆ ಹುಡುಗಿಗೆ ಯಾವತ್ತೂ ಅನ್ನಿಸಿರಲಿಲ್ಲ. ಕುಡಿಯದ ಅಮ್ಮ ಅಂದರೆ ಬೆಳಗಿನ ಅಮ್ಮ. ಅವಳಿಗೆ ಬೇಕಾಗಿದ್ದವಳು ಮೊದಲ ಗ್ಲಾಸಿನ ಅಮ್ಮ. ಆ ಹೊತ್ತನ್ನು ಹೇಗಾದರೂ ಮಾಡಿ ಎಳೆದು ಉದ್ದ ಮಾಡಬೇಕೆಂದು ಅವಳು ಉಪಾಯ ಹೂಡಿದಳು. ಮೂರನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳೇ ಕಪಾಟಿನ ಬಾಟ್ಲಿಯಿಂದ ಒಂದಿಷ್ಟನ್ನು ಚೆಲ್ಲಿ, ಅಷ್ಟೇ ನೀರು ತುಂಬಿಸಿ, ಬಿರಡೆ ಬಿಗಿಮಾಡಿ ಇಟ್ಟಳು.

ಸಂಜೆ ಅಪ್ಪ ಒಂದು ಗುಟುಕು ಕುಡಿದವನೇ ಮುಖ ಕಿವುಚಿದ. “ಆ ಅಂಗಡಿಯವನು ನೀರು ಬೆರೆಸಿ ಮಾರ್ತಿದಾನೆ ಕಣೇ! ನಾನೇನು ಬೆಪ್ಪನಾ?” ಎಂದು ಬಾಟ್ಲಿ ಹಿಡಿದು ಧಡಧಡನೆ ಮೆಟ್ಟಿಲಿಳಿದು ಹೋದ. ಸ್ವಲ್ಪ ಹೊತ್ತಿಗೆ ಅಪ್ಪ ಯುದ್ಧ ಗೆದ್ದವನಂತೆ ವಾಪಸು ಬಂದ. ರಂಪ ಬೇಡವೆಂದು ಅಂಗಡಿಯವನು ಬಾಯಿ ಮುಚ್ಚಿಸಲು ಇನ್ನೊಂದು ಬಾಟ್ಲಿಯನ್ನೇ ಕೊಟ್ಟು ಕಳಿಸಿದ್ದ. ಆ ಸಂಜೆ ಕುಡಿಯಲು ಎರಡು ಬಾಟ್ಲಿ ಇದ್ದವು. ಬಚ್ಚಲುಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂತ ಅವಳಿಗೆ, ಇಷ್ಟಕ್ಕೂ ಕಾರಣ ತಾನೇ ಎಂಬುದೊಂದು ಮನಸ್ಸಿಗೆ ಅಂಟಿಕೊಂಡುಬಿಟ್ಟಿತು. ಮುಂದೆ ಎಲ್ಲಿ ಯಾರು ಮುಖ ಸಿಂಡರಿಸಿದರೂ ತಾನೇನು ಮಾಡಿದೆ ಎಂದು ಮೊದಲು ತನ್ನನ್ನೇ ಕೇಳಿಕೊಳ್ಳುವಂತಾದಳು.

ಶಾಲೆ ಮುಗಿದದ್ದೇ ತಡ ಕುಶನ್ ಅಂಗಡಿ ಸೇರಿ, ಹತ್ತಿರದಲ್ಲೇ ಒಂದು ಕೋಣೆ ಹಿಡಿದಳು. ಕೆಲವು ವರ್ಷಗಳಲ್ಲಿ ಅಪ್ಪ ಆಸ್ಪತ್ರೆಯಲ್ಲಿ, ಮೈಯೆಲ್ಲ ಹಳದಿಯಾಗಿ ತೀರಿಕೊಂಡ. ಅಮ್ಮ ಒಬ್ಬಳೇ ಕುಡಿಯುವುದನ್ನು ಮುಂದುವರಿಸಿದಳು.

ಮೆಲ್ಲಕ್ಕ ಮದುವೆಯಾದವನು ಅಂಗಡಿಗೆ ಸಾಮಾನು ಸಾಗಿಸುತ್ತಿದ್ದ ವ್ಯಾನಿನ ಡ್ರೈವರ್. ಅವನು ಮೊದಲ ಸಲ ತಂದದ್ದು ಒಂದು ಭಾರಿ ಸೋಫಾ. ಅದು ಅಂಗಡಿಯ ಬಾಗಿಲಲ್ಲಿ ಸಿಕ್ಕಿಕೊಂಡು ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ನಿಂತಿತು. ಅವನು ಬೆವರು ಒರೆಸಿಕೊಂಡು ಸೋಫಾಕ್ಕೆ ಕೈಮುಗಿದು, “ಅಮ್ಮಾವ್ರೇ, ಸ್ವಲ್ಪ ಹೊಟ್ಟೆ ಒಳಗೆ ಎಳ್ಕೊಳ್ಳಿ” ಎಂದ. ಮೆಲ್ಲಕ್ಕನ ಕೈಯಿಂದ ದಾರದ ಉಂಡೆ ಜಾರಿ ಉರುಳಿಹೋಯಿತು. ಅಂಗಡಿಯವರು ಅವಳ ಹಲ್ಲು ಕಂಡದ್ದು ಆವತ್ತೇ ಮೊದಲು.

ಅವನು ಕುಡಿಯುತ್ತಿರಲಿಲ್ಲ. ಕುಡಿಯದೆಯೂ ಹಾಗೆ ನಗುವ ಮನುಷ್ಯ ಇದ್ದಾನೆ ಎಂಬುದೇ ಅವಳಿಗೆ ದೊಡ್ಡ ಬೆರಗು. ಮೊದಲ ಗ್ಲಾಸಿನ ಹೊತ್ತೇ ದಿನವಿಡೀ ಇರುವ ಮನೆಯೊಂದನ್ನು ಅವಳು ಮನಸ್ಸಿನಲ್ಲೇ ಕಟ್ಟಿದಳು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಬಂದರು.

ಆದರೆ ಮೈ ಅವಳ ಮಾತು ಕೇಳಲಿಲ್ಲ. ಗಂಡ ಸಂಜೆ ಹಾಡಿಕೊಂಡು ಮೆಟ್ಟಿಲು ಹತ್ತಿದರೆ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಅವನು ಊಟದ ಮಧ್ಯೆ ಏನೋ ನೆನಪಿಸಿಕೊಂಡು ಗಹಗಹಿಸಿದರೆ, ಅವಳು ತನಗೇ ಗೊತ್ತಿಲ್ಲದಂತೆ ಎದ್ದು ತಟ್ಟೆ ತೆಗೆಯಲು ಶುರುಮಾಡುತ್ತಿದ್ದಳು.

“ನಾನಿನ್ನೂ ಉಣ್ತಾ ಇದೀನಲ್ಲೇ!”

“ಅಯ್ಯೋ, ತಪ್ಪಾಯ್ತು. ಕೋಪ ಬಂತಾ?”

“ಕೋಪ ಎಲ್ಲಿಂದ ಬಂತು? ನಗ್ತಾ ಇದೀನಿ. ಅದ್ಸರಿ, ನಾನು ನಕ್ಕಾಗೆಲ್ಲ ಕಿಟಕಿ ಯಾಕೆ ಮುಚ್ತೀಯ?”

“ಅಕ್ಕಪಕ್ಕದೋರಿಗೆ ಕೇಳುತ್ತೆ ಕಣ್ರೀ.”

“ಕೇಳ್ಲಿ ಬಿಡು. ನಗೋದೇನು ಕಳ್ಳತನಾನಾ?”

ದಿನಕ್ಕೆ ಎಷ್ಟು ಸಲ ‘ಕೋಪ ಬಂತಾ’ ಎಂದು ಕೇಳುತ್ತಿದ್ದಳೋ ಲೆಕ್ಕವಿಲ್ಲ. ಕೇಳಿ ಕೇಳಿ ನಿಜವಾಗಿಯೂ ಅವನಿಗೆ ಕೋಪ ಬರುತ್ತಿತ್ತು. ಆಗ ಅವಳಿಗೆ ಒಂದು ಬಗೆಯ ಸಮಾಧಾನ. ಕಾಯುತ್ತಿದ್ದದ್ದು ಬಂದಾಯಿತಲ್ಲ. ರಜೆಗೆ ಎಲ್ಲಿಗೆ ಹೋಗೋಣ ಎಂದು ಅವನು ಕೇಳಿದರೆ ‘ನೀವು ಹೇಳಿದ ಕಡೆ’ ಅನ್ನುತ್ತಿದ್ದಳು. ಏನು ಬೇಕು ಎಂದರೆ ‘ಏನೂ ಬೇಡ’. ಅವಳು ಸುಳ್ಳು ಹೇಳುತ್ತಿರಲಿಲ್ಲ. ತನಗೆ ಏನು ಬೇಕು ಎಂದು ಒಳಗೆ ಕೈಹಾಕಿ ಹುಡುಕಿದರೆ ಅವಳಿಗೆ ಏನೂ ಸಿಗುತ್ತಿರಲಿಲ್ಲ.

ವರ್ಷಗಳು ಕಳೆದ ಹಾಗೆ ಗಂಡನ ನಗು ಕಡಿಮೆಯಾಯಿತು. ಒಂದು ಸಂಜೆ ಅವನು ಬಂದು ಬಾಗಿಲನ್ನು ಸದ್ದಿಲ್ಲದೆ ಹಾಕಿ, ಬೀಗದ ಕೈಯನ್ನು ಸದ್ದಿಲ್ಲದೆ ಇಟ್ಟು, ಸದ್ದಿಲ್ಲದೆ ಉಂಡು ಎದ್ದ. ಅವಳು ಇಷ್ಟು ದಿನ ಬೇಡಿದ್ದ ‘ಮೆಲ್ಲಗೆ’ ಕೊನೆಗೂ ಮನೆಗೆ ಬಂದಿತ್ತು. ಅವಳು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದಳು.

ಇದೇ ಕಾಲಕ್ಕೆ ಅಮ್ಮ ಕುಡಿತ ಬಿಟ್ಟಳು. ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಳು. ಅಲ್ಲಿಂದಲೇ ಕುಡಿತ ಬಿಟ್ಟವರ ಒಂದು ಗುಂಪಿಗೆ ಹೋಗತೊಡಗಿದಳು. ಮೊದಮೊದಲು ಮಗಳು ನಂಬಲಿಲ್ಲ. ಹಾಸಿಗೆಯ ಕೆಳಗೆ, ಹಿಟ್ಟಿನ ಡಬ್ಬಿಯಲ್ಲಿ, ಮೊದಲೆಲ್ಲ ಬಾಟ್ಲಿ ಸಿಗುತ್ತಿದ್ದ ಜಾಗಗಳಲ್ಲೆಲ್ಲ ಹುಡುಕಿದಳು. ಏನೂ ಸಿಗಲಿಲ್ಲ. ಒಂದು ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಅಮ್ಮ ನಿಜವಾಗಿಯೂ ಬಿಟ್ಟಿದ್ದಳು.

ಎಲ್ಲರೂ ಮೆಲ್ಲಕ್ಕನ ಪುಣ್ಯ ಅಂದರು. ಹೌದೆಂದು ಅವಳೂ ತಲೆಯಾಡಿಸಿದಳು. ಪ್ರತಿ ಭಾನುವಾರ ಬಸ್ ಹಿಡಿದು ಅಮ್ಮನ ಮನೆಗೆ ಹೋಗುತ್ತಿದ್ದಳು. ಮನೆ ಒಪ್ಪವಾಗಿರುತ್ತಿತ್ತು, ಅಮ್ಮನ ತಲೆ ನೀಟಾಗಿ ಬಾಚಿರುತ್ತಿತ್ತು. ರೈಲಿಗೆ ಕಾಯುವ ಇಬ್ಬರು ಅಪರಿಚಿತರ ಹಾಗೆ ತಾಯಿ ಮಗಳು ಎದುರುಬದುರು ಕೂರುತ್ತಿದ್ದರು.

“ಚಹಾ?”

“ಹ್ಞೂಂ.”

“ಸಕ್ಕರೆ ಸಾಕಾ?”

“ಸಾಕಮ್ಮ.”

ಇದು ಬಿಟ್ಟರೆ ಕಾಲುನೋವು, ನೀರಿನ ನಲ್ಲಿ, ಬಸ್ಸು ಸಿಕ್ಕಿತಾ ಇಲ್ಲವಾ. ಅಮ್ಮ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಪರೀಕ್ಷೆಗೆ ಕೂತವಳಂತೆ ಅಳೆದು ತೂಗಿ ಮಾತಾಡುತ್ತಿದ್ದಳು. ಮಗಳು ಎದುರಿನ ಈ ಮುಖದಲ್ಲಿ ಆ ಇನ್ನೊಬ್ಬಳನ್ನು ಹುಡುಕುತ್ತಿದ್ದಳು, ಚಪ್ಪಲಿ ಒದ್ದು ಕುಣಿಯುತ್ತಿದ್ದವಳನ್ನು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂತರೆ ಅವಳ ಪಾದಗಳ ಅಡಿ ಬೆಚ್ಚಗಾಗುತ್ತಿತ್ತು, ಇನ್ನೊಂದು ಜೋಡಿ ಪಾದ ಅಲ್ಲಿದೆಯೋ ಎಂಬಂತೆ. ಯಾವ ಮಗಳು ತಾಯಿಯ ಕುಡಿತಕ್ಕೆ ಹಂಬಲಿಸುತ್ತಾಳೆ? ಯಾರಿಗೆ ಹೇಳುವುದು ಇದನ್ನು? ಒಂದೇ ಒಂದು ಸಲ ಗಂಡನಿಗೆ ಹೇಳಿದಳು.

“ಅಮ್ಮ ಕುಡಿಯೋದು ಬಿಟ್ಟಳು. ಜೊತೆಗೆ ನನ್ನನ್ನೂ ಬಿಟ್ಟಳು ಅನ್ಸುತ್ತೆ ಕಣ್ರೀ.”

ಅವನು ಅವಳ ತಲೆ ನೇವರಿಸಿದ. ಮುಂದಿನ ವಾರ ಅವನೇ ಒಂದು ದಾರಿ ಹುಡುಕಿದ. ಅಮ್ಮನ ಮನೆಯ ಆರಾಮಕುರ್ಚಿ ಹರಿದು ಜೋತುಬಿದ್ದಿತ್ತು. “ಅದನ್ನ ಅಂಗಡಿಗೆ ತಂದ್ಬಿಡ್ತೀನಿ. ನೀನೇ ರಿಪೇರಿ ಮಾಡು. ಅತ್ತೆ ಒಂದಿಷ್ಟು ಸಲ ಇಲ್ಲಿಗೆ ಬಂದುಹೋಗ್ಲಿ” ಎಂದ.

ಆ ಶನಿವಾರ ಅವನು ವ್ಯಾನು ತೆಗೆದುಕೊಂಡು ಮೊದಲೇ ಹೋದ. ಮೆಲ್ಲಕ್ಕ ಅರ್ಧ ದಿನದ ಕೆಲಸ ಮುಗಿಸಿ ಬಸ್ಸಿನಲ್ಲಿ ಹೋದಳು. ಅಮ್ಮನ ಮನೆಯ ಮೆಟ್ಟಿಲನ್ನು ಅರ್ಧ ಹತ್ತಿದ್ದಳೋ ಇಲ್ಲವೋ, ಮೇಲಿನಿಂದ ನಗು ಕೇಳಿಸಿತು. ಗುಳುಗುಳು ಅಂದು, ಒಮ್ಮೆಲೇ ಉಕ್ಕಿದ ನಗು. ಎಷ್ಟೋ ವರ್ಷಗಳಿಂದ ಕೇಳದ ನಗು. ಉಳಿದ ಮೆಟ್ಟಿಲನ್ನು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. ಒಳಗೆ ಅಮ್ಮ ಗ್ಲಾಸು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ಮಂಚದ ಮೇಲೆ ಕೂತಿದ್ದಳು. ಗಂಡ ಎರಡೂ ತೋಳು ಚಾಚಿ ಏನನ್ನೋ ಅಭಿನಯಿಸುತ್ತಿದ್ದ. ಮೆಲ್ಲಕ್ಕ ನೇರ ಹೋಗಿ ಅಮ್ಮನ ಕೈಯಿಂದ ಗ್ಲಾಸು ಕಿತ್ತುಕೊಂಡು ಮೂಗಿಗೆ ಹಿಡಿದಳು.

ನಿಂಬೆ ಶರಬತ್ತು.

ಗಂಡನ ತೋಳುಗಳು ಗಾಳಿಯಲ್ಲೇ ನಿಂತವು. “ಅದು... ಒಬ್ರ ಮನೆಗೆ ಹಾಸಿಗೆ ಸಾಗಿಸುವಾಗ ಆ ಮನೆಯವ್ರೇ ಮೆಟ್ಟಿಲಲ್ಲಿ ಸಿಕ್ಕಿಹಾಕ್ಕೊಂಡ ಕತೆ ಹೇಳ್ತಿದ್ದೆ” ಎಂದ ಸಣ್ಣ ದನಿಯಲ್ಲಿ. ಆಮೇಲೆ ಕುರ್ಚಿಯನ್ನು ಎತ್ತಿಕೊಂಡು, “ಇದನ್ನ ಕೆಳಗಿಟ್ಟು ಬರ್ತೀನಿ” ಎಂದು ಹೊರಗೆ ಹೋದ.

ಮೆಲ್ಲಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಜೀವಮಾನವೆಲ್ಲ ಯಾವ ನಗುವಿಗಾಗಿ ಹಂಬಲಿಸಿದ್ದಳೋ ಅದು ಬಂದಾಗ ತಾನೇ ಅದರ ಕತ್ತು ಹಿಸುಕಿದ್ದಳು.

“ಅಮ್ಮ, ತಪ್ಪಾಯ್ತು. ಕೋಪ ಬಂತಾ?”

“ಇಲ್ಲ.” ಅಮ್ಮನ ಮುಖ ಮತ್ತೆ ಭಾನುವಾರದ ಮುಖವಾಗಿತ್ತು. “ಇನ್ನೊಂದ್ಸಲ ವಾಸನೆ ನೋಡು. ಪರವಾಗಿಲ್ಲ. ನಿನ್ನ ಜಾಗದಲ್ಲಿದ್ರೆ ನಾನೂ ನೋಡ್ತಿದ್ದೆ.”

“ಸಾಕಮ್ಮ.”

“ಅದಕ್ಕೇ ನಿನ್ನೆದುರು ನಗಲ್ಲ ನಾನು” ಎಂದಳು ಅಮ್ಮ. “ಬಿಟ್ಟ ಹೊಸದರಲ್ಲಿ ಒಂದ್ಸಲ ನಕ್ಕೆ. ನಿನ್ನ ಕಣ್ಣು ಸೀದಾ ನನ್ನ ಲೋಟದ ಕಡೆ ಹೋಯ್ತು. ನಿನಗೆ ಗೊತ್ತಾಗಿರ್ಲಿಕ್ಕಿಲ್ಲ. ಅವತ್ತೇ ತೀರ್ಮಾನ ಮಾಡಿದೆ. ಈ ಮಗು ಸಾಕಷ್ಟು ಹೆದರಿದೆ, ಇನ್ನು ಹೆದರಿಸೋದು ಬೇಡ. ಇವಳು ಬಂದಾಗ ಸುಮ್ಮನೆ ಕೂತಿರ್ತೀನಿ ಅಂತ.”

ಮೆಲ್ಲಕ್ಕ ನೆಲದ ಮೇಲೆ ಕೂತುಬಿಟ್ಟಳು. ತನ್ನನ್ನು ಬಿಟ್ಟದ್ದಕ್ಕೆ ಗುರುತು ಎಂದು ಅವಳು ತಿಳಿದಿದ್ದ ಮೌನವನ್ನು ಅಮ್ಮ ತನಗಾಗಿಯೇ ಇಷ್ಟು ಕಷ್ಟಪಟ್ಟು ಹೊತ್ತು ಕೂತಿದ್ದಳು. ಆಗ ಅವಳ ಬಾಯಿಯಿಂದ ಮಾತು ತಾನಾಗಿ ಹೊರಬಂತು.

“ನನಗೆ ನೀನು ಬೇಕಮ್ಮ. ಆಗಿನ ನೀನು. ಸಂಜೆ ಬಂದ ಕೂಡ್ಲೇ ಕುಣೀತಿದ್ದೆಯಲ್ಲ, ನನ್ನ ಕಾಲು ನಿನ್ನ ಕಾಲ ಮೇಲಿಟ್ಕೊಂಡು. ಆ ಹೊತ್ತು ನನಗೆ ಬೇಕು.”

ಅಮ್ಮ ತನ್ನ ಕೈಗಳನ್ನು ನೋಡಿಕೊಂಡಳು.

“ಸುಳ್ಳು ಹೇಳ್ಬಾರದು ಅಂತ ನಮ್ಮ ಗುಂಪಲ್ಲಿ ಹೇಳ್ತಾರೆ. ‘ಹೂಂ ಪುಟ್ಟಿ, ನನಗೂ ಅದೇ ಬೇಕಿತ್ತು’ ಅಂತ ಹೇಳಿದ್ರೆ ನಿನಗೆ ಖುಷಿಯಾಗ್ತಿತ್ತು. ಆದ್ರೆ ನಾನು ಕುಣಿದಿದ್ದು ನನಗೆ ಸರಿಯಾಗಿ ನೆನಪೇ ಇಲ್ಲ. ಇನ್ನು ಎಷ್ಟು ಉಳಿದಿದೆ ಅಂತ ಬಾಟ್ಲಿ ಕಡೆ ನೋಡ್ತಿದ್ದದ್ದು ನೆನಪಿದೆ. ಅಷ್ಟೇ ನೆನಪಿರೋದು.”

ತನ್ನ ಬಾಲ್ಯದಲ್ಲಿ ಉಳಿಸಿಕೊಳ್ಳಲು ಇದ್ದದ್ದು ಅದೊಂದೇ. ಅದೂ ಕೈಯಿಂದ ಜಾರಿದ ಹಾಗಾಯಿತು ಮೆಲ್ಲಕ್ಕನಿಗೆ. ಅವಳು ಅತ್ತಳು. ‘ಮೆಲ್ಲಗೆ’ ಅಳಲಿಲ್ಲ, ಕೆಳಗೆ ವ್ಯಾನಿನ ಹತ್ತಿರ ನಿಂತಿದ್ದ ಗಂಡನಿಗೂ ಕೇಳುವಂತೆ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಕುರ್ಚಿಯಿಲ್ಲದ ಆ ಕೋಣೆಯಲ್ಲಿ, ಸೊಂಟನೋವಿನ ಮೈಯನ್ನು ನಿಧಾನವಾಗಿ ಇಳಿಸಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮಗಳ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಏಳಲಾಗದೆ ಅಳಿಯನನ್ನು ಕೂಗಬೇಕಾಯಿತು.

“ಅಳಿಯಂದ್ರೇ, ಇಲ್ಲಿ ಇನ್ನೊಂದು ಹಳೇ ಕುರ್ಚಿ ಇದೆ, ಎತ್ತಬೇಕು ಬನ್ನಿ.”

ವಾಪಸು ಬರುವ ದಾರಿಯಲ್ಲಿ ಮೆಲ್ಲಕ್ಕ ಗಂಡನನ್ನು ಕೇಳಿದಳು, “ಆ ಮೆಟ್ಟಿಲ ಕತೆ ನನಗೂ ಹೇಳ್ರೀ.”

“ಆಮೇಲೆ ಹೇಳ್ತೀನಿ ಬಿಡು.”

“ಈಗ್ಲೇ ಬೇಕು ನನಗೆ.”

ಅವನು ಸ್ಟೇರಿಂಗ್ ಹಿಡಿದವನೇ ತಿರುಗಿ ಅವಳನ್ನು ನೋಡಿದ. ಮದುವೆಯಾದ ಮೇಲೆ ಅವಳ ಬಾಯಲ್ಲಿ ‘ನನಗೆ ಬೇಕು’ ಎಂಬ ಮಾತು ಅವನು ಕೇಳಿರಲಿಲ್ಲ. ಕತೆ ಹೇಳಿದ. ಮೊದಲು ಸಪ್ಪೆಯಾಗಿ, ಆಮೇಲೆ ಒಂದು ಕೈಯನ್ನು ಬೀಸುತ್ತ. ಅವಳ ಬೆರಳುಗಳು ಅಭ್ಯಾಸದಂತೆ ತಣ್ಣಗಾದವು. ಆದರೂ ಕೊನೆಯ ತನಕ ಕೇಳಿದಳು.

ಎಲ್ಲವೂ ಸರಿಹೋಯಿತು ಎಂದು ಹೇಳುವ ಹಾಗಿಲ್ಲ. ಈಗಲೂ ಯಾರಾದರೂ ಜೋರಾಗಿ ನಕ್ಕರೆ ಅವಳ ಕಣ್ಣು ಮೊದಲು ಅವರ ಕೈಯ ಕಡೆ ಹೋಗುತ್ತದೆ. ‘ಕೋಪ ಬಂತಾ’ ಎಂದು ಕೇಳುವುದು ಪೂರ್ತಿ ನಿಂತಿಲ್ಲ. ಅದಕ್ಕೆ ಗಂಡ, “ಬಂದಾಗ ನಾನೇ ಹೇಳಿ ಕಳಿಸ್ತೀನಿ” ಅನ್ನುತ್ತಾನೆ.

ಬಟ್ಟೆ ಆರಿಸಲು ಅಮ್ಮ ಅಂಗಡಿಗೆ ಬಂದಳು. ಮಗಳು ಕೆಲಸ ಮಾಡುವ ಜಾಗವನ್ನು ಅವಳು ಇಲ್ಲಿಯವರೆಗೆ ನೋಡಿರಲೇ ಇಲ್ಲ. ಬಟ್ಟೆಯ ಸುರುಳಿಗಳನ್ನೆಲ್ಲ ತಿರುವಿಹಾಕಿ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ್ದೊಂದನ್ನು ಹಿಡಿದು, “ಇದು” ಎಂದಳು. ಯಜಮಾನರು ಬೆಚ್ಚಿ ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಅಮ್ಮ ಒಂದು ಸ್ಟೂಲಿನ ಮೇಲೆ ಕೂತು ಮಗಳ ಕೈಯನ್ನೇ ನೋಡತೊಡಗಿದಳು. ಅವಳು ಹಳೆಯ ಮೊಳೆ ಕೀಳುವುದನ್ನು, ನಾರು ಕೆದರಿ ಹರಡುವುದನ್ನು, ಬಟ್ಟೆಯನ್ನು ಎಳೆದು ಮೂಲೆ ಮಡಚುವುದನ್ನು.

“ಇದನ್ನೆಲ್ಲ ಯಾರು ಕಲಿಸಿದ್ರು ನಿನಗೆ?”

“ಯಜಮಾನರು.”

“ಮೊದಲು ಹೊಲಿದಿದ್ದು ಏನು?”

“ಒಂದು ಸ್ಟೂಲು. ಸೊಟ್ಟ ಆಗಿತ್ತು.”

“ಶಾಲೆಯಲ್ಲಿ ಯಾವ ಪಾಠ ಇಷ್ಟ ಇತ್ತು?”

ಮೆಲ್ಲಕ್ಕ ಸೂಜಿ ನಿಲ್ಲಿಸಿ ಯೋಚಿಸಿದಳು. “ಭೂಗೋಳ” ಎಂದಳು. ಅದು ತನಗೆ ಇಷ್ಟವಿತ್ತು ಎಂದು ಹೇಳಿದ ಮೇಲೆಯೇ ಅವಳಿಗೆ ಗೊತ್ತಾಯಿತು.

ಕುರ್ಚಿ ಮುಗಿದ ಮೇಲೂ ಅಮ್ಮ ಆಗಾಗ ಅಂಗಡಿಗೆ ಬರುತ್ತಾಳೆ. ಏನಾದರೊಂದು ಕೇಳುತ್ತಾಳೆ, ಮಗಳು ಹೇಳುತ್ತಾಳೆ. ಒಂದೊಂದು ದಿನ ಯಜಮಾನರ ಮಾತಿಗೆ ಅಮ್ಮ ನಗುವುದೂ ಉಂಟು, ಸಣ್ಣದಾಗಿ, ಗಂಟಲಲ್ಲೇ. ಸಂಜೆಯ ಬಸ್ಸಿಗೆ ಮಗಳು ಅವಳನ್ನು ಹತ್ತಿಸಿ ಬರುತ್ತಾಳೆ. ಹೊತ್ತು ಇಳಿದು ಬೀದಿಯ ಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತುವಾಗ, ಎಲ್ಲಿಂದಲೋ ರೇಡಿಯೋ ಕೇಳಿಸಿದರೆ, ಮೆಲ್ಲಕ್ಕ ಕತ್ತರಿ ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತುಬಿಡುತ್ತಾಳೆ. ಆಗ ಅವಳನ್ನು ಮಾತಾಡಿಸಬಾರದು ಎಂದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು.